ಬಾಯ್ಲರ್ ಗಿರಮಲ್ಲಪ್ಪನ ಹೊಸ ಶಾವರು

ಗಿರಮಲ್ಲಪ್ಪ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವನು. ನಿವೃತ್ತನಾದ ಮೇಲೂ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಕುಣಿದರೆ ಸಾಕು, ಎದ್ದುಹೋಗಿ, "ಪ್ರೆಶರ್ ಏರೇತಿ, ಉರಿ ಇಳಸ್ರಿ" ಎಂದು ಹೇಳಿ ಬರುತ್ತಿದ್ದ. ಊರು ಹಿನ್ನೀರಿಗೆ ಹೋಗಿ, ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಲ್ಲಿ ಕಟ್ಟಿದ ಆ ಮನೆಯಲ್ಲಿ ಅವನ ಪ್ರೆಶರ್ ಇಳಿಸುವವರು ಮಾತ್ರ ಯಾರೂ ಇರಲಿಲ್ಲ.

ಹೆಂಡತಿ ಲಗಮವ್ವನ ಮೊಣಕಾಲು ಹೋಗಿದ್ದವು. ಬಚ್ಚಲು ಹಿತ್ತಲಲ್ಲಿ, ಮೆಟ್ಟಿಲಿಳಿದು ಹೋಗಬೇಕು. ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು, ಹತ್ತುವಾಗ ಮನೆದೇವರು ಬೀರಪ್ಪನನ್ನು ಕರೆಯುತ್ತಿದ್ದಳು. ಕೂತು ಬಿಸಿನೀರು ಬಿಟ್ಟುಕೊಂಡರೆ ನೋವು ಇಳಿಯುತ್ತದೆಂದು ಜಮಖಂಡಿಯ ಡಾಕ್ಟರು ಹೇಳಿದ್ದರಿಂದ ಅವಳ ಕೋಣೆಗೆ ಹೊಂದಿಕೊಂಡು ಇನ್ನೊಂದು ಸ್ನಾನದ ಮನೆ ಎದ್ದಿತು. ಶಾವರು, ಕೂರಲು ಪ್ಲಾಸ್ಟಿಕ್ ಸ್ಟೂಲು. ಉಳಿದದ್ದು ಬಿಸಿನೀರು.

"ಗೀಜರ್ ಹಾಕಸ್ರಿ ಮಾವಾರ, ಬಟನ್ ಒತ್ತಿದ್ರ ಮುಗೀತು," ಎಂದಳು ಸೊಸೆ ವೈಶಾಲಿ.

"ಮುಂಜಾನೆ ಕರೆಂಟ್ ನಿನ್ನ ತವರಮನಿಯಿಂದ ತರಸ್ತೀ ಏನವ್ವಾ?"

"ಸೋಲಾರ್ ಹಾಕಸೂಣಪ್ಪಾ," ಎಂದ ಮಗ ಪರಮೇಶ. "ನಿನ್ನಿ ಕಾದ ನೀರು ಮುಂಜಾನೀನೂ ಬಿಸಿ ಇರ್ತಾವ."

"ನಿಮ್ಮವ್ವಗ ತಂಗಳ ನೀರು ಹಾಕಸ್ತೀ ಏನಲೇ?"

ಲಗಮವ್ವ ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಗಿರಮಲ್ಲಪ್ಪ ಹಳೆ ಬಚ್ಚಲಿನ ಒಲೆಯಿಂದ ತಾಮ್ರದ ಹಂಡೆ ಇಳಿಸಿ, ಬಾಯಿ ಬೆಸೆದ ಕಬ್ಬಿಣದ ಡ್ರಮ್ಮು ಕೂರಿಸಿದ. ಮಾಳಿಗೆಯ ಟಾಕಿಯಿಂದ ತಣ್ಣೀರು ಅದರೊಳಗೆ ಇಳಿದಂತೆ ಬಿಸಿನೀರು ಪೈಪು ಹತ್ತಿ ಹೊಸ ಶಾವರಿಗೆ ಹೋಗುತ್ತಿತ್ತು. ಒಲೆಯ ಬಳಿಯೂ ಒಂದು ನಲ್ಲಿ. ಉರುವಲು ಹೊಲದಲ್ಲಿ ಬಿದ್ದಿರುವ ಕಬ್ಬಿನ ಒಣ ಎಲೆ, ರವದಿ. ಅದು ಭುಗ್ಗೆಂದು ಹೊತ್ತಿ ಅಷ್ಟೇ ಬೇಗ ಆರುತ್ತದೆ, ಹಾಕುತ್ತಲೇ ಇರಬೇಕು. ಕಾರ್ಖಾನೆಯಲ್ಲಿ ಉರಿ ನೋಡಲು ಆಳುಗಳಿದ್ದರು. ಗಿರಮಲ್ಲಪ್ಪ ಮೀಟರಿನ ಮುಳ್ಳು ನೋಡಿ ಕೂಗುತ್ತಿದ್ದ, ಅವರು ಹಾಕುತ್ತಿದ್ದರು.

ಮೊದಲ ದಿನ ಮೊದಲು ಅವನೇ ಮಿಂದ. ಆಮೇಲೆ ಮಗ, ಸೊಸೆ. "ಫಸ್ಟ್ ಕ್ಲಾಸ್ ರೀ ಮಾವಾರ," ಎಂದು ವೈಶಾಲಿಯೂ ಒಪ್ಪಿದಳು. ಇಬ್ಬರೂ ಕೆಲಸಕ್ಕೆ ಹೋದರು. ಅಷ್ಟು ಹೊತ್ತೂ ಒಲೆಯ ಮುಂದೆ ರವದಿ ತುರುಕುತ್ತ ಕೂತಿದ್ದವಳು ಲಗಮವ್ವ. ಮದುವೆಯಾದಾಗಿನಿಂದ ಅವಳೇ ಕೂರುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಕೊನೆಗೆ ಅವಳ ಪಾಳಿ. ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ಮೇಲೆ ಕೂತಳು. ಗಿರಮಲ್ಲಪ್ಪ ಪಡಸಾಲೆಯಲ್ಲಿ ಪಕ್ಕದ ಮನೆಯ ಮುರಗೆಪ್ಪನಿಗೆ ಚಹಾ ಕುಡಿಸುತ್ತ ತನ್ನ ಡ್ರಮ್ಮಿನ ಮಹಿಮೆ ಹೇಳುತ್ತಿದ್ದ.

"ಏನ್ರೀ, ನೀರು ತಣ್ಣಗ ಬರಾಕತ್ತಾವ್ರಿ," ಒಳಗಿನಿಂದ ದನಿ ಬಂತು.

"ರವದಿ ಹಾಕು!" ಬಾಯ್ಲರ್ ಮುಂದೆ ಕೂಗಿದಂತೆಯೇ ಕೂಗಿದ.

ಮುರಗೆಪ್ಪ ಚಹಾದ ಬಸಿ ಕೆಳಗಿಟ್ಟ. "ಅಲ್ಲೋ ಮಾರಾಯಾ, ಆಕಿ ಒಳಗದಾಳಲ್ಲೋ!"

ಗಿರಮಲ್ಲಪ್ಪ ಹಿತ್ತಲಿಗೆ ಓಡಿ, ಒಂದು ತೆಕ್ಕೆ ರವದಿ ಎತ್ತಿ ಒಲೆಗೆ ತುಂಬಿದ. ಉರಿ ಸತ್ತು ಹೊಗೆ ಎದ್ದಿತು. ಅವನು ಕೆಮ್ಮುತ್ತ ನಿಂತಿರುವಾಗ ಲಗಮವ್ವ ಒದ್ದೆ ಸೀರೆ ಸುತ್ತಿಕೊಂಡು, ತಲೆಯಲ್ಲಿ ನೊರೆ ಹಾಗೇ ಇಟ್ಟುಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದಳು. ಅರ್ಧ ರವದಿ ಹೊರಗೆಳೆದು ಊದಿದಳು. ಹೊತ್ತಿತು.

"ಇನ್ನ ನೀ ಒಳಗ ಹೋಗು. ನಾ ಹಾಕತೇನಿ."

"ನೀವು ಹಾಕಿದ್ದು ನೋಡಿದ್ನೆಲ್ರಿ." ಅಲ್ಲೇ ಹಳೆ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಲೆಯ ನಲ್ಲಿಗೆ ಬಕೆಟ್ಟು ಇಟ್ಟಳು. "ಚಾ ಆರತೈತಿ, ಹೋಗ್ರಿ."

ಅವನು ಒಳಗೆ ಹೋಗಿ, ಚಹಾ ಮುಗಿಸಿ, ಹೊಸ ಶಾವರು ತಿರುವಿದ. ಸುಡುಸುಡು ನೀರು ಖಾಲಿ ಸ್ಟೂಲಿನ ಮೇಲೆ ಸುರಿಯಿತು. ಕೈ ಒಡ್ಡಿಕೊಂಡು ನಿಂತ.

ಹಿತ್ತಲಿನಿಂದ ಲಗಮವ್ವ ಕೂಗಿದಳು: "ಬಂದ್ ಮಾಡ್ರಿ ಅದನ್ನ! ಇಲ್ಲಿ ನೀರು ತಣ್ಣಗಾಗಾಕತ್ತಾವು!"