ಸೊರಬದವರು ಹಿಡಿದಿಟ್ಟ ತಾರೀಖುಗಳು

ಕೊರೊನಾ ಕಳೆದು ಮದುವೆಗಳು ಮತ್ತೆ ಜೋರಾಗಿದ್ದ ವರ್ಷ. ಶಿವಮೊಗ್ಗದಲ್ಲಿ ಕುಳಿತು ಸಣ್ಣ ವ್ಯಾಪಾರಿಗಳ ವೆಬ್‌ಸೈಟ್ ರಿಪೇರಿ ಮಾಡುವುದು ಆಗಲೂ ನನ್ನ ಕಸುಬು. ಯಾರೋ ಕಟ್ಟಿ ಬಿಟ್ಟುಹೋದದ್ದನ್ನು ಬೈದುಕೊಂಡು ಸರಿಮಾಡುವ ಹೆಂಗಸು ನಾನು.

ಶಿಕಾರಿಪುರದ ಖಲೀಲ್ ಸಾಹೇಬರು ಮತ್ತು ಸೊರಬದ ಮಂಜಪ್ಪ ಪಾಲುದಾರರು. ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆ ಕೊಡುವ ವ್ಯಾಪಾರ. ಇಬ್ಬರಿಗೂ ಸೇರಿ ಸಾಮಾನು ಒಂದೇ ಸೆಟ್, ಬುಕಿಂಗ್ ವೆಬ್‌ಸೈಟೂ ಒಂದೇ. ಅದು ಓಡುವ ಕಂಪ್ಯೂಟರ್ ಸಾಹೇಬರ ಅಂಗಡಿಯಲ್ಲಿತ್ತು. ಸೊರಬದ ಗಿರಾಕಿಗಳು ಸಂಜೆ ಬಂದು ತಾರೀಖು ಹಿಡಿದಿಡಲು ಹೇಳಿ ಹೋದರೆ ಬೆಳಿಗ್ಗೆ ಆ ತಾರೀಖು ಖಾಲಿ! ಹಾಗೆ ತೊಗರ್ಸಿಯವರ ಮದುವೆ ದಿನವನ್ನು ಸಾಹೇಬರು ಏನೂ ತಿಳಿಯದೆ ಬಳ್ಳಿಗಾವಿಯವರಿಗೆ ಕೊಟ್ಟರು. ತೊಗರ್ಸಿಯವರು ಬಂದು ನಾಲ್ಕು ಜನರ ಮುಂದೆ ಮಂಜಪ್ಪನ ಮರ್ಯಾದೆ ತೆಗೆದರು.

"ಅಳಿಸ್ತಿರೋದು ಸಾಹೇಬ್ರೇ ಮೇಡಂ. ಇನ್ನೊಂದ್ ಸಲ ಹಿಂಗಾದ್ರೆ ಸಾಮಾನು ಪಾಲು ಮಾಡ್ಕೊಂಡ್‌ಬಿಡ್ತೀನಿ" ಎಂದು ನನಗೆ ಫೋನ್ ಮಾಡಿ ಹೇಳಿದರು ಮಂಜಪ್ಪ. ಇಪ್ಪತ್ತು ವರ್ಷ ಒಟ್ಟಿಗಿದ್ದವರು.

ಲಾಗಿನ್ ಆದವರು ಯಾರು, ಅರ್ಧಕ್ಕೆ ಏನು ಬಿಟ್ಟಿದ್ದಾರೆ ಎಂಬ ನೆನಪಿಗೆ ಸೆಷನ್ ಎನ್ನುತ್ತೇವೆ. ಇಲ್ಲಿ ಅದನ್ನು ಇನ್-ಮೆಮೊರಿ ಡೇಟಾಬೇಸಿನಲ್ಲಿ, ಅಂದರೆ ಡಿಸ್ಕಿನ ಬದಲು ಕಂಪ್ಯೂಟರಿನ ರ್‍ಯಾಮಿನಲ್ಲೇ ಇಟ್ಟಿದ್ದರು. ಬಹಳ ವೇಗ, ಆದರೆ ವಿದ್ಯುತ್ ಹೋದರೆ ಎಲ್ಲ ಮರೆತಂತೆ. ಪಕ್ಕಾ ಆಗದ ತಾರೀಖುಗಳೂ ಇದನ್ನು ಕಟ್ಟಿದ ಪುಣ್ಯಾತ್ಮನ ದಯೆಯಿಂದ ಅಲ್ಲೇ ಇದ್ದವು.

ಶಿಕಾರಿಪುರಕ್ಕೆ ಹೋಗಿ ಎರಡು ದಿನ ಉಳಿದೆ. ಸಂಜೆ ಹಿಡಿದ ತಾರೀಖು ಬೆಳಿಗ್ಗೆ ಅಲ್ಲೇ ಇತ್ತು. ನಾನು ಬಸ್ ಹತ್ತಿದ ಮರುದಿನವೇ ಮಾಯ. ಕಂಪ್ಯೂಟರ್ ಆಫ್ ಆಗಿದ್ದ ಗುರುತು ಸಿಕ್ಕಿತು. ಕರೆಂಟಿನ ಕಾಟವೆಂದು ಯುಪಿಎಸ್ ಹಾಕಿಸಿದೆ. ಮತ್ತೆ ಅದೇ ಕಥೆ. ಯುಪಿಎಸ್ ಕೊಟ್ಟವನ ಜೊತೆ ಜಗಳವಾಡಿದೆ, ಪಾಪ. ಆಫ್ ಮಾಡ್ತೀರಾ ಎಂದು ಸಾಹೇಬರನ್ನೇ ಕೇಳಿದರೆ, ಕೆಲಸ ನಡೆಯುವಾಗ ಯಾವತ್ತೂ ಮುಟ್ಟುವುದಿಲ್ಲ ಎಂದರು. ಸುಳ್ಳು ಹೇಳುವ ಮುಖವಲ್ಲ ಅದು. ನನಗೆ ತಲೆ ಚಿಟ್ಟು ಹಿಡಿಯಿತು. ಒಂದು ಗಳಿಗೆ ಮಂಜಪ್ಪನ ಅನುಮಾನವೇ ನಿಜವೇನೋ ಅನ್ನಿಸಿ ಬೇಜಾರಾಯಿತು.

ಮೂರನೇ ಸಲ ಹೋದಾಗಲೂ ಏನೂ ಸಿಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡ್ ತಲುಪಿದ ಮೇಲೆ ಕನ್ನಡಕ ಮರೆತದ್ದು ನೆನಪಾಗಿ ವಾಪಸ್ ಬಂದೆ. ಸಾಹೇಬರು ಅಂಗಡಿ ಮುಚ್ಚುವ ತಯಾರಿಯಲ್ಲಿದ್ದರು. ಯುಪಿಎಸ್ ಆಗಲೇ ಆರಿಸಿದ್ದರು, ಕೈ ಮೇನ್ ಸ್ವಿಚ್ ಮೇಲಿತ್ತು.

"ದಿನಾ ಆಫ್ ಮಾಡ್ತೀರಾ?"

"ಅಂಗಡಿ ತುಂಬಾ ಶಾಮಿಯಾನದ ಬಟ್ಟೆ ಅಲ್ವೇನ್ರೀ, ಬೆಂಕಿ ಭಯ. ನೀವು ಊರಲ್ಲಿದ್ದಾಗ ಮಾತ್ರ ಮಾಡಲ್ಲ. ನಿಮ್ ಕೆಲಸ ನಡೀತಿರುತ್ತಲ್ಲ."

ನಾನು ಅಲ್ಲೇ ಶಾಮಿಯಾನದ ಗಂಟಿನ ಮೇಲೆ ಕುಳಿತೆ. ನನಗೆ ತೋರಿದ ಮರ್ಯಾದೆಯೇ ದೋಷವನ್ನು ನನ್ನಿಂದ ಮುಚ್ಚಿಟ್ಟಿತ್ತು. ವಿಷಯ ಬಿಡಿಸಿ ಹೇಳಿದಾಗ ಸಾಹೇಬರ ಮುಖ ಸಣ್ಣದಾಯಿತು. ಅವರೇ ಮಂಜಪ್ಪನಿಗೆ ಫೋನ್ ಮಾಡಿ, ಅಳಿಸುತ್ತಿದ್ದದ್ದು ತಾನೇ, ಗೊತ್ತಿಲ್ಲದೆ ಎಂದರು. ಫೋನ್ ಸ್ಪೀಕರಿನಲ್ಲಿತ್ತು.

"ನಾನೂ ದಿನಾ ಮೇನ್ ಆಫ್ ಮಾಡೇ ಮನೆಗೆ ಹೋಗೋದು ಸಾಹೇಬ್ರೆ" ಎಂದರು ಮಂಜಪ್ಪ. "ಕಂಪ್ಯೂಟರ್ ಸೊರಬದಲ್ಲಿದ್ದಿದ್ರೆ ಕಳ್ಳ ನಾನಾಗ್ತಿದ್ದೆ."

ಅಂದಿನಿಂದ ಹಿಡಿದ ತಾರೀಖುಗಳು ಡಿಸ್ಕಿಗೂ ಹೋಗುತ್ತವೆ. ಸಾಹೇಬರು ಈಗಲೂ ಮೇನ್ ಆಫ್ ಮಾಡುತ್ತಾರೆ, ಮಾಡಲಿ. ನಾನು ಮಾತ್ರ ಯಾವ ಅಂಗಡಿಗೆ ಹೋದರೂ ಮೊದಲು ಕೇಳುವುದು ಒಂದೇ: ನಾನು ಹೋದ ಮೇಲೆ ನೀವು ಏನೇನು ಮಾಡುತ್ತೀರಿ?