ಪೂಜೆಯ ನೀರು ಮುಟ್ಟದ ಕಂಪ್ಯೂಟರ್

ರೇಣುಕಕ್ಕ, ಆ ಕಂಪ್ಯೂಟರ್ ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ನನ್ನಿಂದ. ನಾಲ್ಕನೇ ದಿನಕ್ಕೇ ನನಗದು ಗೊತ್ತಾಗಿತ್ತು — ಗೊತ್ತಾಗಿಯೂ ಹದಿನೈದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಗಂಗಾವತಿಯ ಆ ಅಕ್ಕಿ ಗಿರಣಿಯ ವೇ ಬ್ರಿಜ್ ಕೋಣೆಯಲ್ಲಿ ನೀವು ಭತ್ತದ ಲಾರಿಗಳ ತೂಕದ ಚೀಟಿ ತೆಗೆಯುತ್ತಿದ್ದಿರಿ. ಕಂಪ್ಯೂಟರ್ ರಿಪೇರಿ ನನ್ನದು. ಆಯುಧ ಪೂಜೆಯ ದಿನ ಸಾಹುಕಾರರು ನಿಮ್ಮನ್ನೇ ಕರೆದರು. "ದಿನಾ ಅದರ ಮುಂದ ಕುಂದ್ರಾಕಿ ನೀನು, ನೀನ ಪೂಜಿ ಮಾಡವಾ." ಗಂಡ ತೀರಿಕೊಂಡ ಮೇಲೆ ನಿಮ್ಮ ಕೈಗೆ ಯಾರೂ ಆರತಿ ಕೊಟ್ಟಿರಲಿಲ್ಲ. ನೀವು ಕಂಪ್ಯೂಟರಿಗೆ ಹೂ ಏರಿಸಿ ನೀರು ಚಿಮುಕಿಸಿದಿರಿ. ನಿಜ ಹೇಳುತ್ತೇನೆ, ಅವತ್ತು ನನಗೂ ಸಂತೋಷವಾಗಿತ್ತು.

ಮರುದಿನ ಚೀಟಿ ತೆಗೆಯಹೋದಾಗಲೆಲ್ಲ ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಲಾರಿಗಳ ಸಾಲು ರಸ್ತೆಗೆ ಬಂತು. ಸಾಹುಕಾರರ ತಾಯಿ ಎಲ್ಲರೆದುರು ಕೇಳಿದರು — "ಪೂಜಿ ನೀರು ಒಳಗ ಹೋಗಿ ಕೆಟ್ಟೈತೇನಪಾ?" ನಾನಿನ್ನೂ ಕಂಪ್ಯೂಟರಿನ ಡಬ್ಬಿ ಬಿಚ್ಚಿರಲೇ ಇಲ್ಲ. "ಹೌದ್ರೀ ಅಮ್ಮಾರ, ಹಂಗ ಇರಬೇಕು" ಅಂದೆ.

"ಅಕಿ ಕೈಗುಣಾನ ಸರಿ ಇಲ್ಲ ಬಿಡು" ಅಂದರು ಅವರು. ನೀವು ಸೆರಗಿಗೆ ಕೈ ಒರೆಸಿಕೊಂಡಿರಿ, ಒರೆಸಿಕೊಳ್ಳುತ್ತಲೇ ಇದ್ದಿರಿ. ಅವತ್ತೇ ನಿಮ್ಮನ್ನು ಮನೆಗೆ ಕಳಿಸಿದರು.

ಹಾಗೆ ನಿಲ್ಲುವ ಮುನ್ನ ಕಂಪ್ಯೂಟರ್ ತನ್ನ ಕೊನೆಯ ಗಳಿಗೆಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಕಂಪ್ಯೂಟರನ್ನು ನನ್ನ ಅಂಗಡಿಗೆ ಒಯ್ದು ಆ ಫೈಲನ್ನು ಸಾಲುಸಾಲಾಗಿ ಓದಿದೆ. ಹಬ್ಬದ ಹಿಂದಿನ ದಿನ, ವೈರಸ್ ಬರದಿರಲೆಂದು, ಹಳೆಯ ಕಾವಲು ಪ್ರೋಗ್ರಾಂ ತೆಗೆಯದೆ ನಾನೇ ಇನ್ನೊಂದನ್ನು ಹಾಕಿದ್ದೆ. ಎರಡೂ ಕರ್ನಲ್‌ಗೆ — ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ — ಇಳಿದು ಒಂದೇ ಬಾಗಿಲು ಕಾಯುತ್ತಿದ್ದವು. ಚೀಟಿಯ ಫೈಲು ಬಂದೊಡನೆ ಒಂದು ಇನ್ನೊಂದನ್ನು ಕಳ್ಳನೆಂದು ತಡೆಯುತ್ತಿತ್ತು. ಆ ಜಗ್ಗಾಟದಲ್ಲಿ ಕರ್ನಲ್ಲೇ ಕುಸಿಯುತ್ತಿತ್ತು. ಒಂದನ್ನು ತೆಗೆದೆ, ಸರಿಹೋಯಿತು. ಆಮೇಲೆ ಡಬ್ಬಿ ಬಿಚ್ಚಿ ನೋಡಿದೆ. ಒಳಗೆ ಒಂದು ಹನಿ ನೀರಿನ ಗುರುತೂ ಇರಲಿಲ್ಲ.

ಗಿರಣಿಗೆ ಹೋಗಿ "ಒಣಗಿಸೀನ್ರೀ, ಈಗ ಛಲೋ ಐತಿ" ಅಂದೆ. ನಿಜ ಹೇಳಿದರೆ ಉಳಿದ ಗಿರಣಿಗಳ ಕೆಲಸವೂ ಕೈತಪ್ಪೀತೆಂದು — ಬೇಡ, ಅದನ್ನು ಇಲ್ಲಿ ತರುವುದಿಲ್ಲ. ನಿಮ್ಮ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದರು.

ಹೋದ ತಿಂಗಳು ನವಲಿಯಲ್ಲಿ ನಿಮ್ಮ ಮಗಳ ಮದುವೆಗೆ ಬಂದಿದ್ದೆ. ಎಲ್ಲರೂ ಅಕ್ಕಿಕಾಳು ಹಾಕುತ್ತಿದ್ದಾಗ ನೀವು ಕಂಬದ ಹಿಂದೆ ನಿಂತಿದ್ದಿರಿ. ನಾನು ಅಕ್ಕಿಕಾಳಿನ ತಟ್ಟೆಯನ್ನು ನಿಮ್ಮ ಮುಂದೆ ಹಿಡಿದೆ. ನೀವು ಕೈ ಹಿಂದಕ್ಕೆ ಕಟ್ಟಿಕೊಂಡಿರಿ.

"ಬ್ಯಾಡೋ ತಮ್ಮಾ, ನನ್ನ ಕೈಗುಣ ನಿನಗ ಗೊತ್ತೈತೆಲ್ಲಾ."

ಗೊತ್ತಿತ್ತು ಅಕ್ಕ. ಈ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೂ ತಟ್ಟೆಯನ್ನು ಮುಂದಿನವರತ್ತ ಒಯ್ದೆ.

ನಾಳೆ ಈ ಕಾಗದವನ್ನು ಮೊದಲು ಗಿರಣಿಯ ಅಂಗಳದಲ್ಲಿ, ಅದೇ ಜನರೆದುರು ಓದುತ್ತೇನೆ. ಆಮೇಲೆ ನಿಮ್ಮ ಬಾಗಿಲಿಗೆ ಬರುತ್ತೇನೆ, ಒಳಗೆ ಕರೆಯಬೇಡಿ. ಆದರೆ ಮಗಳ ತಲೆಯ ಮೇಲೆ ನೀವು ಹಾಕದೇ ಉಳಿದ ಆ ಹಿಡಿ ಅಕ್ಕಿಕಾಳು — ಅದನ್ನು ನಾನು ಎಲ್ಲಿಂದ ತಂದುಕೊಡಲಿ?