ಮೊಳೆಬೂಟು ಮತ್ತು ಬರಿಗಾಲು

ನನಗೆ ಕುಣಿಯಲು ಬರುವುದಿಲ್ಲ. ನನ್ನ ಮೈಕಟ್ಟು ನೋಡಿದವರು ಇದನ್ನು ಲೋಕಕ್ಕಾದ ಉಪಕಾರವೆಂದೇ ತಿಳಿಯುತ್ತಾರೆ. ಆದರೆ ಮಗಳು ವೇದಿಕೆ ಹತ್ತಿದರೆ ಸಾಕು, ಕೆಳಗೆ ಕುರ್ಚಿಯಲ್ಲಿ ಕೂತ ನನ್ನ ಅಂಗಾಲು ಬೆವರುತ್ತದೆ. ನಾಟ್ಯದ ಬಗ್ಗೆ ಅಷ್ಟೆಲ್ಲ ಶಾಸ್ತ್ರ ಬರೆದವರು ಕುಣಿಯುವವರ ಅಪ್ಪಂದಿರ ಬಗ್ಗೆ ಒಂದು ಅಧ್ಯಾಯ ಬರೆಯಬೇಕಿತ್ತು. ನವರಸಗಳಲ್ಲಿ ಭಯಾನಕ ಒಂದೇ ಸಾಕಾಗುತ್ತಿತ್ತು.

ಆ ವರ್ಷ ನಾವು ಸಿಡ್ನಿ ಬಿಟ್ಟು ಮೆಲ್ಬರ್ನಿನ ಕ್ರಾನ್‌ಬರ್ನ್‌ಗೆ ಬಂದಿದ್ದೆವು. ಸಿಡ್ನಿಯಲ್ಲಿ ನಮ್ಮ ಅನಘಾ ಕನ್ನಡದ ಆಂಟಿಯೊಬ್ಬರ ಗರಾಜಿನಲ್ಲಿ ಭರತನಾಟ್ಯ ಕಲಿಯುತ್ತಿದ್ದಳು. ಇಲ್ಲಿ ಗರಾಜು ಇತ್ತು, ಆಂಟಿ ಇರಲಿಲ್ಲ. ಗೆಳತಿಯರೂ ಇರಲಿಲ್ಲ. ಮೂರನೇ ಕ್ಲಾಸಿನ ಹುಡುಗಿ ಲಂಚ್ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಒಬ್ಬಳೇ ಕೂರುತ್ತಾಳೆಂದು ಟೀಚರ್ ಹೇಳಿದ ದಿನದಿಂದ ನಮಗೆ ಊಟ ಸೇರುತ್ತಿರಲಿಲ್ಲ.

"ನೀನೇ ಹೋಗಿ ಮಾತಾಡ್ಸೆ ಪುಟ್ಟಿ, ಅವ್ರೇನು ನುಂಗ್‌ಬಿಡ್ತಾರಾ?" ಎಂದು ನನ್ನ ಹೆಂಡತಿ ಸುಮಾ ದಿನವೂ ಹೇಳುವಳು.

"ಐ ಡೋಂಟ್ ನೋ ವಾಟ್ ಟು ಸೇ, ಅಮ್ಮ," ಎಂದು ಮಗಳು ದಿನವೂ ಉತ್ತರಿಸುವಳು.

ಆ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದರು. ಸ್ಪ್ಯಾನಿಷ್ ದಿನದ ಹಬ್ಬಕ್ಕೆ ಅನಘಾಳ ಕ್ಲಾಸಿನ ಪಾಲಿಗೆ ಮೆಕ್ಸಿಕೋದ ಕುಣಿತ ಬಂತು. ಕಲಿಸುವವರು ಅಲ್ಲಿಯೇ ಹುಟ್ಟಿದ ಮಿಸ್ ಲೂಸಿಯಾ. ಬೀಸಿದರೆ ಛತ್ರಿಯಂತೆ ಅರಳುವ ಲಂಗ, ಹಿಮ್ಮಡಿಗೆ ಸಣ್ಣ ಮೊಳೆ ಹೊಡೆದ ಕಪ್ಪು ಬೂಟು. ಕುಣಿತದ ಜೀವವೆಲ್ಲ ಆ ಬೂಟಿನ ಟಕಟಕದಲ್ಲೇ ಇತ್ತು. ನಾವು ತುಳಿಯುವ ಮೊದಲು ಭೂಮಿಯ ಕ್ಷಮೆ ಕೇಳುವ ಜನ. ಅವರು ಭೂಮಿಯನ್ನು ಎಬ್ಬಿಸಿಯೇ ಮಾತಾಡಿಸುತ್ತಾರೆ. ಎರಡೂ ಗೌರವವೇ ಇರಬೇಕು ಎಂದುಕೊಂಡು, ಮಗಳ ಅಭ್ಯಾಸದಿಂದ ಮನೆಯ ಮರದ ನೆಲಕ್ಕೆ ಬಿದ್ದ ಗೀರುಗಳನ್ನು ನಾನು ಸಹಿಸಿಕೊಂಡೆ.

ಹಬ್ಬದ ದಿನ ಹುಡುಗಿಯರು ಸಾಲಾಗಿ ಮೆಟ್ಟಿಲು ಹತ್ತಿದರು. ಕೊನೆಯಲ್ಲಿದ್ದ ಅನಘಾ ಕೆಳಗೇ ನಿಂತು ಬಗ್ಗಿದಳು. ಎರಡೂ ಬೂಟು ಬಿಚ್ಚಿ ಜೋಡಿಸಿಟ್ಟಳು. ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಲ್ಲಿ ಹತ್ತಿದಳು.

"ರೀ, ಶೂ ಬಿಟ್ಟು ಹೋಗ್ತಿದಾಳೆ!"

"ಸ್ಟೇಜ್ ಅಲ್ವೇನೇ," ಎಂದೆ ನಾನು. ನನಗೂ ಅದು ಸರಿಯಾಗಿಯೇ ಕಂಡಿತ್ತು. ಅಪಾಯ ಅರ್ಥವಾಗುವಷ್ಟರಲ್ಲಿ ಸಂಗೀತ ಶುರುವಾಗಿತ್ತು.

ನನ್ನ ಕಣ್ಣಿಗೆ ಲಂಗವೂ ಕಾಣಲಿಲ್ಲ, ಬಣ್ಣವೂ ಕಾಣಲಿಲ್ಲ. ಅಷ್ಟೊಂದು ಮೊಳೆಬೂಟುಗಳ ನಡುವೆ ಎರಡು ಪುಟ್ಟ ಪಾದಗಳು ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ಕ್ಲೋಯಿ ಎಂಬ ಗಟ್ಟಿಮುಟ್ಟಾದ ಹುಡುಗಿ ನೆಲ ಅದುರುವಂತೆ ಕುಟ್ಟುತ್ತಿದ್ದಳು. ಸಾಲು ಹತ್ತಿರವಾದಾಗಲೆಲ್ಲ ಸುಮಾಳ ಉಗುರು ನನ್ನ ತೋಳಿಗೆ ಇಳಿಯುತ್ತಿತ್ತು. ಎದ್ದು ಓಡಿ ಎತ್ತಿಕೊಂಡು ಬರಲೇ? ಮಗಳು ಮತ್ತೆಂದೂ ಈ ಶಾಲೆಗೆ ಕಾಲಿಡಲಾರಳು. ಸುಮ್ಮನೆ ಕೂರಲೇ? ಇಡಲು ಕಾಲೇ ಉಳಿಯಲಿಕ್ಕಿಲ್ಲ.

ಕೊನೆಯ ಸುತ್ತಿನಲ್ಲಿ ಆಗಿಯೇ ಹೋಯಿತು. ಕ್ಲೋಯಿಯ ಹಿಮ್ಮಡಿ ಇಳಿಯಿತು, ಅನಘಾಳ ಮುಖ ಹಿಂಡಿಕೊಂಡಿತು, ಲಂಗದ ಅಂಚು ಕೈ ಜಾರಿತು. ನಾನು ಎದ್ದು ನಿಂತೇಬಿಟ್ಟೆ. ಅವಳು ತುಟಿ ಕಚ್ಚಿ, ಅಂಚು ಹಿಡಿದು, ತಾಳಕ್ಕೆ ಸರಿಯಾಗಿ ಮುಗಿಸಿದಳು. ಹಿಂದಿನವರು, "ಕೂತ್ಕೊಳ್ಳಿ," ಎಂದು ಇಂಗ್ಲಿಷಿನಲ್ಲಿ ಗದರಿದರು.

ವೇದಿಕೆಯ ಹಿಂದೆ ಓಡಿದಾಗ ಮಿಸ್ ಲೂಸಿಯಾ ಅನಘಾಳ ಕಾಲ್ಬೆರಳಿಗೆ ಐಸ್ ಹಿಡಿದಿದ್ದರು. ತಮ್ಮಲ್ಲೂ ಕೆಲವು ಕಡೆ ಹೆಂಗಸರು ಬರಿಗಾಲಲ್ಲೇ ಕುಣಿಯುತ್ತಾರೆಂದು ನಮ್ಮನ್ನು ಸಮಾಧಾನ ಮಾಡಿದರು. ನಮ್ಮ ಮಗಳಿಗಿಂತ ಹೆಚ್ಚು ಅಳುತ್ತಿದ್ದವಳು ಕ್ಲೋಯಿ. ಅನಘಾಳ ಕೈ ಬಿಟ್ಟಿರಲಿಲ್ಲ.

"ತುಂಬಾ ನೋವಾ ಕಂದಾ?" ಎಂದಳು ಸುಮಾ.

"ಅಮ್ಮ, ಕ್ಲೋಯಿ ಈಸ್ ಕಮಿಂಗ್ ಓವರ್ ಆನ್ ಸ್ಯಾಟರ್ಡೇ," ಎಂದಳು ಅನಘಾ, ಕಣ್ಣೀರಿನ ನಡುವೆಯೇ ಹೆಮ್ಮೆಯಿಂದ. "ಟು ಸೀ ಮೈ ಟೋ."

ಮಾತಾಡಲು ಅವಳಿಗೊಂದು ವಿಷಯ ಸಿಕ್ಕಿತ್ತು. ಅದು ನೀಲಿಯಾಗಿ ಊದಿಕೊಂಡಿತ್ತು. ಶನಿವಾರದವರೆಗಾದರೂ ಆ ಊತ ಇಳಿಯದಿರಲಿ ಎಂದು ದೇವರನ್ನು ಬೇಡಿಕೊಂಡ ಅಪ್ಪ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.